ಬೇಸ್ ಹೆಚ್ಚಾಯಿತು, ಬೇಸ್ ನುಡಿಸುವವರು ಎಲ್ಲಿ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರಸಮಂಜರಿ ವೇದಿಕೆಗಳಲ್ಲಿ ಎದೆ ನಡುಗಿಸುವ ಸದ್ದಿಗೆ ಬರವಿಲ್ಲ. ಆ ಸದ್ದಿಗೆ ನಡೆ, ನಿಲುವು ಕೊಡುತ್ತಿದ್ದ ನಾಲ್ಕು ತಂತಿಯ ಕಲಾವಿದರು ಮಾತ್ರ ಒಬ್ಬೊಬ್ಬರಾಗಿ ವೇದಿಕೆ ಇಳಿದಿದ್ದಾರೆ.

ಗಣಪತಿ ಹಬ್ಬ ಮುಗಿದರೂ ಗಣಪತಿ ಇನ್ನೂ ಪೆಂಡಾಲಿನಲ್ಲೇ ಕೂತಿರುವ ದಿನಗಳಲ್ಲಿ ಚಿತ್ರದುರ್ಗದ ಯಾವುದಾದರೂ ಬಡಾವಣೆಯ ರಸಮಂಜರಿಗೆ ಹೋಗಿ ನಿಲ್ಲಿ. ವೇದಿಕೆಯ ಎರಡೂ ಬದಿಗೆ ಆಳೆತ್ತರ ಪೇರಿಸಿದ ಬೇಸ್ ಬಾಕ್ಸ್‌ಗಳು. ಮೊದಲ ಹಾಡಿಗೇ ಎದೆಗೂಡು ಅದುರುತ್ತದೆ, ಎದುರಿನ ಅಂಗಡಿಯ ಶಟರ್ ಗಡಗಡ ಎನ್ನುತ್ತದೆ. ಈಗ ವೇದಿಕೆಯ ಮೇಲೆ ಕಣ್ಣು ಹಾಯಿಸಿ. ಇಬ್ಬರು ಮೂವರು ಗಾಯಕರು, ಒಬ್ಬ ನಿರೂಪಕ, ಕೀಬೋರ್ಡಿನವರು, ರಿದಂ ಪ್ಯಾಡಿನವರು, ಒಂದೊಂದು ತಂಡದಲ್ಲಿ ತಬಲಾ, ಢೋಲಕ್, ಗಿಟಾರ್. ನಿಮ್ಮ ಎದೆಯನ್ನು ಅದುರಿಸುತ್ತಿರುವ ಆ ಮಂದ್ರ ಸ್ವರವನ್ನು ಕೈಯಾರೆ ನುಡಿಸುತ್ತಿರುವವರು ಯಾರೂ ಅಲ್ಲಿಲ್ಲ. ಅದು ಕೀಬೋರ್ಡಿನವರ ಎಡಗೈಯಿಂದಲೋ, ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಂದ ಟ್ರ್ಯಾಕಿನಿಂದಲೋ ಬರುತ್ತಿದೆ.

ಬೇಸ್ ಗಿಟಾರ್ ಎಂದರೆ ಬೆಂಗಳೂರಿನ ಪಬ್ಬು, ಇಂಗ್ಲಿಷ್ ಹಾಡು, ಉದ್ದ ಕೂದಲಿನ ಹುಡುಗರು ಎಂದುಕೊಂಡವರು ಬಹಳ. ನಮ್ಮ ನಾಲ್ಕೂ ಊರುಗಳಲ್ಲಿ ವಾದ್ಯತಂಡವನ್ನು ಕೂರಿಸಿ ರಾತ್ರಿಯಿಡೀ ಹಾಡಿಸುವ ಪಬ್ಬಿನ ರೂಢಿ ಇಲ್ಲ, ನಿಜ. ಆದರೆ ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ವೇದಿಕೆ ಏರಿ, ಬೆಳಗಿನ ಜಾವ ಮನೆ ಸೇರುವ ಅರೆವೃತ್ತಿ ಸಂಗೀತಗಾರರು ಇಲ್ಲಿಯೂ ಇದ್ದಾರೆ. ಅವರ ಪಬ್ಬು ಎಂದರೆ ಗಣಪತಿ ಪೆಂಡಾಲು, ರಾಜ್ಯೋತ್ಸವದ ಶಾಮಿಯಾನ, ಜಾತ್ರೆಯ ಬಯಲು, ಕಲ್ಯಾಣ ಮಂಟಪದ ಮೂಲೆ. ಆ ವೇದಿಕೆಗಳಿಂದ ಬೇಸ್ ನುಡಿಸುವವರು ಮರೆಯಾದದ್ದು ನಮ್ಮ ಸಂಗೀತಕ್ಕೆ ಆದ ನಷ್ಟ. ಮನಸ್ಸು ಮಾಡಿದರೆ ಅದನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಇಷ್ಟನ್ನು ಹೇಳಲೆಂದೇ ಈ ಬರಹ.

ಭಾದ್ರಪದದಿಂದ ಬೇಸಿಗೆವರೆಗೆ

ಆಷಾಢದಲ್ಲಿ ಖಾಲಿ ಕೂತ ಕೈಗಳಿಗೆ ಭಾದ್ರಪದ ಕೆಲಸ ಕೊಡುತ್ತದೆ. ಗಣಪತಿ ಮೂರು ದಿನಕ್ಕೆ, ಐದು ದಿನಕ್ಕೆ, ಒಂಬತ್ತು ದಿನಕ್ಕೆ, ಇಪ್ಪತ್ತೊಂದು ದಿನಕ್ಕೆ ಏಳುವುದರಿಂದ ಒಂದೇ ಹಬ್ಬ ತಿಂಗಳುಗಟ್ಟಲೆ ಹಿಗ್ಗುತ್ತದೆ. ಅದರ ಹಿಂದೆಯೇ ದಸರಾ. ಆಮೇಲೆ ನವೆಂಬರ್ 1ರ ರಾಜ್ಯೋತ್ಸವ. ನಮ್ಮ ಕಡೆ ಅದು ಒಂದು ದಿನದ ಆಚರಣೆಯಲ್ಲ, ಸಂಘಕ್ಕೊಂದು, ಆಟೊ ನಿಲ್ದಾಣಕ್ಕೊಂದು, ಬೀದಿಗೊಂದು ಎಂದು ತಿಂಗಳಿಡೀ ನಡೆಯುತ್ತದೆ. ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ತೇರು, ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಬೇಸಿಗೆಗೆ ಊರೂರಿನ ಗ್ರಾಮದೇವತೆಯ ಹಬ್ಬ, ನಡುನಡುವೆ ಮದುವೆ ಆರತಕ್ಷತೆ. ದುರ್ಗದಿಂದ ಹಿರಿಯೂರು ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಹೊಳಲ್ಕೆರೆ ಅದಕ್ಕೂ ಹತ್ತಿರ, ಹೊಸದುರ್ಗ ಇನ್ನಷ್ಟು ದೂರ. ಎಲ್ಲಿ ಕಾರ್ಯಕ್ರಮ ಮುಗಿಸಿದರೂ ಬೆಳಗಾಗುವುದರೊಳಗೆ ಮನೆ ಸೇರಬಹುದಾದ ದೂರ ಇದು. ಹಗಲು ಕೆಲಸವಿದ್ದವರು ಸಂಗೀತವನ್ನು ಉಳಿಸಿಕೊಂಡು ಬಂದಿರುವುದೇ ಈ ಭೂಗೋಳದ ದಯೆಯಿಂದ.

ಇಲ್ಲಿ ಕಾರ್ಯಕ್ರಮಕ್ಕೆ ಹಣ ಬರುವುದು ಟಿಕೆಟ್ಟಿನಿಂದ ಅಲ್ಲ, ಚಂದಾದಿಂದ. ಚಂದಾ ನಿಂತಿರುವುದು ಬೆಳೆಯ ಮೇಲೆ, ಬೆಳೆ ನಿಂತಿರುವುದು ಮಳೆಯ ಮೇಲೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ತೆಂಗು, ಹಿರಿಯೂರು, ಚಳ್ಳಕೆರೆಯ ಕಡೆ ಈರುಳ್ಳಿ ಶೇಂಗಾ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಎರಡರ ನಡುವೆ 89 ವರ್ಷ. ಇಂಥ ಸೀಮೆಯಲ್ಲಿ ಫಸಲು ಕೈಕೊಟ್ಟ ವರ್ಷ ಸಮಿತಿಯವರು ರಸಮಂಜರಿಯ ಖರ್ಚನ್ನೇ ಮೊದಲು ಕತ್ತರಿಸುತ್ತಾರೆ. ತಂಡದ ಮಾಲೀಕರು ತಮ್ಮ ಕಡೆಯಿಂದ ಒಬ್ಬ ಕಲಾವಿದರನ್ನು ಕಡಿಮೆ ಮಾಡುತ್ತಾರೆ. ಗಾಯಕರನ್ನು ಬಿಡಲಾಗದು, ಕೀಬೋರ್ಡ್ ಇಲ್ಲದೆ ಹಾಡೇ ಏಳದು, ರಿದಂ ಇಲ್ಲದೆ ಜನ ಕೂರರು. ಉಳಿಯುವುದು ಬೇಸ್. ಅದು ಹೋದರೆ ಯಾರೂ ದೂರುವುದಿಲ್ಲ ಎಂಬ ಲೆಕ್ಕ. ಹೀಗೆ ಒಂದು ಬರದ ವರ್ಷ ಇಳಿಸಿದವರನ್ನು ಮಳೆಯಾದ ವರ್ಷ ಮತ್ತೆ ಹತ್ತಿಸಲಿಲ್ಲ.

ಆ ವಾದ್ಯ ಮಾಡುವ ಕೆಲಸ

ವಿದ್ಯುತ್ ಬೇಸ್ ಗಿಟಾರಿನ ಬದುಕು ತುಂಬ ಹಳೆಯದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಪಾಲ್ ಟಟ್‌ಮಾರ್ಕ್ ಎಂಬಾತ ಒಂದು ಪ್ರಯತ್ನ ಮಾಡಿದ್ದರೂ, ವಾದ್ಯ ಜನರ ಕೈಗೆ ಬಂದದ್ದು 1951ರಲ್ಲಿ ಲಿಯೊ ಫೆಂಡರ್ ತಯಾರಿಸಿದ ಪ್ರಿಸಿಷನ್ ಬೇಸ್‌ನಿಂದ. ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬೇಸನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು. ನಮ್ಮ ಸಿನಿಮಾ ವಾದ್ಯವೃಂದಗಳಲ್ಲಿಯೂ ಮೊದಲು ಅದೇ ಇತ್ತು. ಸಾಗಿಸಲು ಕಷ್ಟ, ಗದ್ದಲದಲ್ಲಿ ಕೇಳಿಸುವುದೂ ಕಷ್ಟ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕಿಕೊಳ್ಳುವಂತೆ ಮಾಡಿದ, ಸ್ವರದ ಮನೆಗಳಿಗೆ ಲೋಹದ ಗೆರೆ ಕೂರಿಸಿದ, ಆಂಪ್ಲಿಫೈಯರಿಗೆ ಸೇರಿಸಿದ.

ನಾಲ್ಕು ತಂತಿ: ಇ, ಎ, ಡಿ, ಜಿ. ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ತೆಳ್ಳಗಿನ ಜಿ ತಂತಿ 98 ಸಲ. ಸೆಕೆಂಡಿಗೆ 41 ಕಂಪನದ ಒಂದು ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಗೋಡೆ, ಮರ, ಜನಜಂಗುಳಿ ಅಡ್ಡಿಯಾಗುವುದಿಲ್ಲ, ಬಳಸಿಕೊಂಡು ಮುಂದೆ ಹೋಗುತ್ತದೆ. ಪಕ್ಕದ ಬೀದಿಯಲ್ಲಿ ನಿಂತರೆ ಹಾಡಿನ ಮಾತು ಕೇಳಿಸದೆ ಬರೀ ಗುಡುಗುಡು ಕೇಳಿಸುವುದು ಇದೇ ಕಾರಣಕ್ಕೆ. ಆ ಗುಡುಗು ಸಂಗೀತವಾಗಬೇಕೋ ಗದ್ದಲವಾಗಬೇಕೋ ಎನ್ನುವುದು ಅದನ್ನು ನುಡಿಸುವ ಕೈಗೆ ಬಿಟ್ಟದ್ದು.

ಬೇಸ್ ನುಡಿಸುವವರು ಎರಡು ಲೋಕಗಳ ನಡುವೆ ನಿಂತಿರುತ್ತಾರೆ. ಒಂದು ಕಡೆ ತಾಳ, ಇನ್ನೊಂದು ಕಡೆ ರಾಗ. ಡ್ರಮ್ಮಿನ ಕಿಕ್ ಬಿದ್ದ ಕ್ಷಣಕ್ಕೇ ತಂತಿ ಮಿಡಿದರೆ ಆ ಪೆಟ್ಟಿಗೆ ಸ್ವರ ಬರುತ್ತದೆ. ಗಾಯಕರು ಹಾಡುತ್ತಿರುವ ಅದೇ ಸ್ವರದ ಕೆಳಗೆ ಬೇಸ್ ಬೇರೆ ಸ್ವರ ಹಿಡಿದರೆ ಹಾಡಿನ ಭಾವವೇ ಬದಲಾಗುತ್ತದೆ, ಸಂತೋಷದ ಸಾಲಿಗೆ ಒಂದು ನೋವಿನ ನೆರಳು ಬೀಳುತ್ತದೆ. ಕೇಳುವವರಿಗೆ ಏನಾಯಿತೆಂದು ಗೊತ್ತಾಗುವುದಿಲ್ಲ, ಏನೋ ಆಯಿತೆಂದು ಮಾತ್ರ ಗೊತ್ತಾಗುತ್ತದೆ. ಓಡುವ ಗಾಡಿಯಲ್ಲಿ ಗಾಲಿ ಕಾಣುತ್ತದೆ, ಅಚ್ಚು ಕಾಣುವುದಿಲ್ಲ. ಬೇಸ್ ಆ ಅಚ್ಚು.

ನಮ್ಮ ರಸಮಂಜರಿಗಳಲ್ಲಿ ಈ ಕೆಲಸಕ್ಕೆ ಇನ್ನೂ ಒಂದು ಸೂಕ್ಷ್ಮ ಸೇರಿಕೊಳ್ಳುತ್ತದೆ. ಡ್ರಮ್ಸ್ ಇರುವ ರಾಕ್ ತಂಡದಲ್ಲಿ ಕೆಳಗಿನ ಜಾಗ ಬೇಸಿಗೇ ಮೀಸಲು. ತಬಲಾ, ಢೋಲಕ್ ಇರುವ ನಮ್ಮ ತಂಡದಲ್ಲಿ ಹಾಗಲ್ಲ. ತಬಲಾದ ಡಗ್ಗ, ಢೋಲಕ್ಕಿನ ಎಡಗಡೆ ಕೂಡ ಮಂದ್ರದಲ್ಲೇ ಮಾತಾಡುತ್ತವೆ. ಡಗ್ಗದ ಮೀಂಡು ಏರಿಳಿಯುವ ಹೊತ್ತಿಗೆ ಬೇಸ್ ಕೂಡ ಗುಂಯ್‌ಗುಟ್ಟಿದರೆ ಎರಡೂ ಕಲಸಿಹೋಗುತ್ತವೆ. ಆದ್ದರಿಂದ ಒಳ್ಳೆಯ ಆರ್ಕೆಸ್ಟ್ರಾ ಬೇಸಿಸ್ಟ್ ಸ್ವರ ಹಿಡಿಯುವುದನ್ನು ಕಲಿತಷ್ಟೇ ಸ್ವರ ಬಿಡುವುದನ್ನೂ ಕಲಿತಿರಬೇಕು. ಯಾವ ಮಾತ್ರೆಯಲ್ಲಿ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಬೇಕು, ಯಾವ ಜಾಗವನ್ನು ಢೋಲಕ್ಕಿಗೆ ಬಿಟ್ಟುಕೊಡಬೇಕು ಎಂಬ ವಿವೇಚನೆ ಯಾವ ವಿದೇಶಿ ಪಾಠದ ವಿಡಿಯೊದಲ್ಲೂ ಸಿಗುವುದಿಲ್ಲ. ಅದು ವೇದಿಕೆಯ ಮೇಲೆ, ಪಕ್ಕದಲ್ಲಿ ಕೂತ ಢೋಲಕ್ಕಿನವರ ಮುಖ ನೋಡುತ್ತ ಕಲಿಯುವ ವಿದ್ಯೆ.

ಸ್ಕೇಲಿನ ಕಥೆಯೂ ಅಷ್ಟೆ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಎತ್ತರದಲ್ಲಿ ಹಾಡಿದ್ದನ್ನು ನಮ್ಮೂರಿನ ಗಾಯಕರು ಅರ್ಧವೋ ಒಂದೋ ಸ್ವರ ಇಳಿಸಿ ಹಾಡುತ್ತಾರೆ. ಚೀಟಿಯಲ್ಲಿ ಬಂದ ಹಾಡನ್ನು ಯಾವ ಸ್ಕೇಲಿನಲ್ಲಿ ಎತ್ತಬೇಕೆಂಬುದು ನಿರೂಪಕರು ಮಾತಾಡಿ ಮುಗಿಸುವುದರೊಳಗೆ, ಕಣ್ಸನ್ನೆಯಲ್ಲಿ, ಬೆರಳ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಬೇಸಿನಲ್ಲಿ ಖಾಲಿ ತಂತಿಯನ್ನು ನೆಚ್ಚದೆ ನುಡಿಸಲು ಕಲಿತವರಿಗೆ ಇದು ಸಲೀಸು. ಕೈಯ ಆಕಾರ ಅದೇ ಇರುತ್ತದೆ, ಒಂದು ಮನೆ ಹಿಂದಕ್ಕೋ ಮುಂದಕ್ಕೋ ಜರುಗಿದರೆ ಸಾಕು. ಪೆನ್‌ಡ್ರೈವಿನ ಟ್ರ್ಯಾಕ್ ಗಾಯಕರ ಗಂಟಲನ್ನು ಕಂಡು ಜರುಗುವುದಿಲ್ಲ. ಗಾಯಕರು ಒಂದು ಸಾಲನ್ನು ಎಳೆದರೆ ಕಾಯುವುದಿಲ್ಲ, ಜನ ಶಿಳ್ಳೆ ಹೊಡೆದರೆ ಪಲ್ಲವಿಗೆ ಮರಳುವುದಿಲ್ಲ.

ಹಾಡುಗಳೇ ಕೇಳುವ ಬೇಸ್

ಬೇಸ್ ಹೊರಗಿನದು, ನಮ್ಮ ಹಾಡಿಗೆ ಅದು ಅನಗತ್ಯ ಎನ್ನುವವರು ನಮ್ಮ ಹಾಡುಗಳನ್ನೇ ಇನ್ನೊಮ್ಮೆ ಕೇಳಬೇಕು. ರಾಜನ್–ನಾಗೇಂದ್ರ 1970ರ ದಶಕದಲ್ಲಿ ಮಾಡಿದ ಯುಗಳಗೀತೆಗಳು ಇವತ್ತಿಗೂ ಯಾವ ರಸಮಂಜರಿಯೂ ಬಿಡದ ಹಾಡುಗಳು. ಒಳ್ಳೆಯ ಸ್ಪೀಕರಿನಲ್ಲಿ ಕೇಳಿದರೆ ಆ ಇಂಪಿನ ಅಡಿಯಲ್ಲಿ ನಡೆದುಕೊಂಡು ಹೋಗುವ ಇನ್ನೊಂದು ಸಾಲು ಕಿವಿಗೆ ಬೀಳುತ್ತದೆ. ಇಳಯರಾಜ ಕನ್ನಡಕ್ಕೆ ಬಂದ ಮೇಲೆ ಆ ಸಾಲು ಇನ್ನೂ ಸ್ವತಂತ್ರವಾಯಿತು. ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಎರಡಕ್ಕೂ ಸಂಗೀತ ಅವರದು. ಅವರ ವಾದ್ಯವೃಂದದಲ್ಲಿ ದೀರ್ಘಕಾಲ ಬೇಸ್ ನುಡಿಸಿದವರು ಅವರ ಬಂಧುವೂ ಆದ ಶಶಿಧರನ್. ಇಳಯರಾಜರ ಹಾಡುಗಳಲ್ಲಿ ಬೇಸ್ ತಾಳ ತಟ್ಟುತ್ತ ಕೂರುವುದಿಲ್ಲ, ಗಾಯಕರಿಗೆ ಎದುರಾಡುತ್ತದೆ, ಉತ್ತರ ಕೊಡುತ್ತದೆ, ಒಮ್ಮೊಮ್ಮೆ ತಾನೇ ರಾಗವಾಗುತ್ತದೆ. ಈ ಹಾಡುಗಳನ್ನು ಬೇಸ್ ಇಲ್ಲದೆ ಹಾಡುವುದೆಂದರೆ ಯುಗಳಗೀತೆಯನ್ನು ಒಬ್ಬರೇ ಹಾಡಿದಂತೆ.

ಹಿಂದಿಯಲ್ಲಿ ಆರ್‌.ಡಿ. ಬರ್ಮನ್ ಅವರ ತಂಡದಲ್ಲಿ ಇದೇ ಕೆಲಸವನ್ನು ಟೋನಿ ವಾಜ್ ಮಾಡಿದರು. ಅಮೆರಿಕದ ಮೋಟೌನ್ ಕಂಪನಿಯ ಜನಪ್ರಿಯ ಹಾಡುಗಳಿಗೆ ಜೀವ ತುಂಬಿದ ಬೇಸಿಸ್ಟ್ ಜೇಮ್ಸ್ ಜೇಮರ್‌ಸನ್ ಅವರ ಹೆಸರು 1960ರ ದಶಕದ ಧ್ವನಿಮುದ್ರಿಕೆಗಳ ಮೇಲೆ ಅಚ್ಚಾಗಲೇ ಇಲ್ಲ. ಪಾಲ್ ಮೆಕಾರ್ಟ್ನಿ ಬೇಸಿಗೆ ಬಂದದ್ದು 1961ರಲ್ಲಿ ಬೀಟಲ್ಸ್ ತಂಡದ ಬೇಸಿಸ್ಟ್ ಬಿಟ್ಟುಹೋದಾಗ, ಬೇರೆ ಯಾರೂ ಅದನ್ನು ಹಿಡಿಯಲು ಮುಂದಾಗದೆ ಇದ್ದುದರಿಂದ. ನಮ್ಮ ಊರುಗಳಲ್ಲೂ ಹೆಚ್ಚಿನವರು ಬೇಸಿಗೆ ಬರುವುದು ಹೀಗೆಯೇ. ತಂಡದಲ್ಲಿ ಆಗಲೇ ಒಬ್ಬ ಗಿಟಾರಿಸ್ಟ್ ಇರುತ್ತಾರೆ, ಎರಡನೆಯವರಿಗೆ ಬೇಸ್ ಸಿಗುತ್ತದೆ. ಬಂದವರು ಕೆಲವು ತಿಂಗಳು ಮುಖ ಸಣ್ಣಗೆ ಮಾಡಿಕೊಂಡು ನುಡಿಸುತ್ತಾರೆ. ಆಮೇಲೆ ಒಂದು ರಾತ್ರಿ, ತಾವು ಒಂದು ಸ್ವರ ಬದಲಿಸಿದ್ದಕ್ಕೆ ಇಡೀ ತಂಡ ತಿರುಗಿತೆಂಬುದು ಅರಿವಾಗುತ್ತದೆ. ಅಲ್ಲಿಂದ ಮುಂದೆ ಅವರು ಬೇರೆ ವಾದ್ಯ ಕೇಳುವುದಿಲ್ಲ.

ದುರ್ಗದ ವೇದಿಕೆಯಲ್ಲಿ ‘ನಾಗರಹಾವು’ ಬಿಟ್ಟು ರಸಮಂಜರಿ ಮುಗಿಯುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಈ ಚಿತ್ರ ನಮ್ಮ ಕೋಟೆಯನ್ನು ನಾಡಿಗೆಲ್ಲ ತೋರಿಸಿತು. ಸಂಗೀತ ವಿಜಯಭಾಸ್ಕರ್ ಅವರದು. ಒನಕೆ ಓಬವ್ವನ ಹಾಡು ಬಂದರೆ ಕೂತವರು ಏಳುತ್ತಾರೆ. ಆ ಹಾಡನ್ನು ನಮ್ಮದೇ ಊರಿನಲ್ಲಿ ನಮ್ಮದೇ ಕೈಗಳು ಪೂರ್ತಿಯಾಗಿ ನುಡಿಸಬೇಕು ಎಂಬುದು ದೊಡ್ಡ ಆಸೆಯೇನಲ್ಲ.

ನಾಲ್ಕು ತಂತಿ ಎಲ್ಲಿ ತಪ್ಪಿತು

ಇದರಲ್ಲಿ ಯಾರನ್ನೂ ಖಳರನ್ನಾಗಿ ಮಾಡುವ ಅಗತ್ಯವಿಲ್ಲ. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಒಂದರೊಡನೊಂದು ಮಾತಾಡಲು ಮಿಡಿ ಎಂಬ ವ್ಯವಸ್ಥೆ ಬಂತು. 1985ರಲ್ಲಿ ರೋಲ್ಯಾಂಡ್ ಕಂಪನಿ ಆಕ್ಟೊಪ್ಯಾಡ್ ಎಂಬ ರಿದಂ ಪ್ಯಾಡ್ ತಂದಿತು. 1987ರಲ್ಲಿ ‘ಪ್ರೇಮಲೋಕ’ ಬಿಡುಗಡೆಯಾಗಿ ಹಂಸಲೇಖ ಅವರ ಹೊಸ ಸದ್ದು ಕರ್ನಾಟಕವನ್ನೆಲ್ಲ ತುಂಬಿತು. ಆ ಹಾಡುಗಳನ್ನು ವೇದಿಕೆಯಲ್ಲಿ ನುಡಿಸಬೇಕಾದರೆ ಕೀಬೋರ್ಡೂ ರಿದಂ ಪ್ಯಾಡೂ ಬೇಕೇ ಬೇಕಾದವು. ಕೀಬೋರ್ಡಿನಲ್ಲಿ ಮನೆಗಳನ್ನು ಎರಡು ಭಾಗ ಮಾಡಿ ಎಡಗೈಗೆ ಬೇಸಿನ ಸದ್ದು ಕೊಡುವ ಅನುಕೂಲವಿತ್ತು. ಒಬ್ಬರ ಸಂಭಾವನೆಯಲ್ಲಿ ಇಬ್ಬರ ಕೆಲಸ ಆಗುವುದಾದರೆ ಯಾವ ಮಾಲೀಕರು ಬೇಡ ಎಂದಾರು? ಟೆಂಪೊದಲ್ಲಿ ಒಂದು ಸೀಟು ಉಳಿಯಿತು, ಒಂದು ಆಂಪ್ಲಿಫೈಯರಿನ ಭಾರ ತಪ್ಪಿತು.

ಕೀಬೋರ್ಡಿನವರ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಕೊಳಲು, ವಯಲಿನ್, ಸಿತಾರು ಎಲ್ಲವನ್ನೂ ಹತ್ತು ಬೆರಳಲ್ಲಿ ತೂಗಿಸುವ ಆ ಕಲಾವಿದರು ನಮ್ಮ ವೇದಿಕೆಗಳ ಆಧಾರ. ಆದರೆ ಬಲಗೈ ಕೊಳಲಿನ ಬಿರ್ಕಾ ನುಡಿಸುತ್ತಿರುವಾಗ ಎಡಗೈ ಬೇಸಿನ ಓಟವನ್ನು ನಿಭಾಯಿಸಲಾರದು. ಒಂದು ಸ್ವರವನ್ನು ಅದುಮಿ ಹಿಡಿದು ಸುಮ್ಮನಾಗುತ್ತದೆ. ತಂತಿಯ ಮೇಲೆ ಬೆರಳು ಜಾರಿಸಿ ಸ್ವರದಿಂದ ಸ್ವರಕ್ಕೆ ಹೋಗುವ ಸೊಗಸು, ಬೆರಳ ತುದಿಯ ಮೃದು, ಉಗುರಿನ ಮೊನೆ, ಮಿಡಿತದ ಬಿಗಿ ಸಡಿಲ ಯಾವುದೂ ಒತ್ತುಗುಂಡಿಯಲ್ಲಿ ಇಲ್ಲ. ಇನ್ನು ಟ್ರ್ಯಾಕ್ ಬಂದ ಮೇಲಂತೂ ಕೀಬೋರ್ಡಿನವರಿಗೇ ಕುತ್ತು ಬಂದಿದೆ. ಮೊಬೈಲಿನಿಂದ ಟ್ರ್ಯಾಕ್ ಹಾಕಿ ಹಾಡುವ ಕಾರ್ಯಕ್ರಮಗಳು ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿವೆ. ಮೊದಲು ಬೇಸಿಸ್ಟರನ್ನು ಇಳಿಸಿದ ತರ್ಕವೇ ಈಗ ಉಳಿದವರ ಬಾಗಿಲಿಗೂ ಬಂದು ನಿಂತಿದೆ. ಬೇಸಿನವರ ಪರವಾಗಿ ಮಾತಾಡುವುದೆಂದರೆ ವೇದಿಕೆಯ ಮೇಲಿನ ಎಲ್ಲ ಕೈಗಳ ಪರವಾಗಿ ಮಾತಾಡುವುದು.

ಬೆಂಗಳೂರಿನ ಪಬ್ಬುಗಳ ಪಾಠ

ದುರ್ಗದಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಲ್ಲಿ ಚಿತ್ರ ಬೇರೆ. 1980ರ ದಶಕದ ಕೊನೆಗೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಸುತ್ತ ಬೆಳೆದ ಪಬ್ಬುಗಳಲ್ಲಿ, ಕಾಲೇಜು ಉತ್ಸವಗಳಲ್ಲಿ ತಂಡಗಳು ಹುಟ್ಟಿದವು. 1996ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಸ್ವಂತ ಹಾಡುಗಳನ್ನು ಕಟ್ಟಿ ದಶಕಗಳ ಕಾಲ ನಿಂತಿತು. ಮೈಸೂರಿನ ಬೇರಿನ ಸ್ವರಾತ್ಮ ತಂಡ ಕನ್ನಡ, ಹಿಂದಿ ಹಾಡುಗಳಿಗೆ ಜನಪದದ ಹದ ಬೆರೆಸಿತು. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ವಿದ್ಯುತ್ ಗಿಟಾರುಗಳ ನಡುವೆ ಹಾಡಿದರು. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೂ ಹೋಯಿತು. ಈ ಎರಡೂ ತಂಡಗಳಲ್ಲಿ ಬೇಸ್ ಹಿಡಿದವರು ತಂಡದ ವ್ಯವಹಾರವನ್ನೂ ಹೊತ್ತವರು: ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ, ರಘು ದೀಕ್ಷಿತ್ ಪ್ರಾಜೆಕ್ಟಿನಲ್ಲಿ ಗೌರವ್ ವಾಜ್. ಎಲ್ಲರ ನಡುವೆ ನಿಂತು ಎಲ್ಲರಿಗೂ ಕಿವಿಗೊಡುವ ಅಭ್ಯಾಸ ವೇದಿಕೆಯ ಆಚೆಗೂ ಕೆಲಸಕ್ಕೆ ಬರುತ್ತದೆ ಎಂದು ನನಗೆ ಅನಿಸುತ್ತದೆ.

ಪಬ್ಬಿನ ದಾರಿಯೂ ಹೂವಿನ ಹಾಸಿಗೆಯಲ್ಲ. ಬೆಂಗಳೂರಿನಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿ ಕೇಳತೊಡಗಿದಾಗ ನಗರದ ಎಷ್ಟೋ ಕಡೆ ಲೈವ್ ಸಂಗೀತ ನಿಂತುಹೋಯಿತು. ವಾರಾಂತ್ಯದ ಸಂಭಾವನೆಯನ್ನೇ ನೆಚ್ಚಿದ್ದ ಕಲಾವಿದರಿಗೆ ಅದು ಗಟ್ಟಿ ಪೆಟ್ಟು. ಒಂದೇ ಊರಿನ, ಒಂದೇ ಬಗೆಯ ವೇದಿಕೆಯನ್ನು ನಂಬಿ ಸಂಗೀತಗಾರರು ಬದುಕಲಾಗದು ಎಂಬುದು ಆ ವರ್ಷದ ಪಾಠ.

ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಇಲ್ಲಿ ಕೇಳುಗರು ಪಾನೀಯ ಕೊಳ್ಳಬೇಕಿಲ್ಲ, ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಅಜ್ಜಿ ಮೊಮ್ಮಗಳ ಜತೆ ಚಾಪೆ ಹಾಸಿಕೊಂಡು ಕೂರುತ್ತಾರೆ. ಪಬ್ಬಿನಲ್ಲಿ ನೂರು ಜನ ಕೇಳಿದರೆ ಹೊಸದುರ್ಗದ ಬಯಲಿನಲ್ಲಿ ಸಾವಿರ ಜನ ಕೇಳುತ್ತಾರೆ. ಅಷ್ಟು ಜನರ ಮುಂದೆ ನುಡಿಸುವ ಅವಕಾಶ ಬೆಂಗಳೂರಿನ ವಾರಾಂತ್ಯದ ತಂಡಗಳಿಗೆ ಅಪರೂಪ.

ಕಾನೂನಿನ ಕಿವಿಗೆ ಬೀಳದ ಸದ್ದು

ಶಬ್ದಮಾಲಿನ್ಯ ನಿಯಂತ್ರಣಕ್ಕೆ 2000ನೇ ಇಸವಿಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ಮಧ್ಯರಾತ್ರಿ 12ರವರೆಗೆ ಸರ್ಕಾರ ಅನುಮತಿ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಈ ಮಿತಿಯನ್ನು ಅಳೆಯುವ ಮಾಪನಕ್ಕೆ ‘ಎ’ ತೂಕ ಎಂದು ಹೆಸರು. ಮನುಷ್ಯರ ಕಿವಿಗೆ ಮೆಲುದನಿಯಲ್ಲಿ ಮಂದ್ರ ಸ್ವರ ಕಡಿಮೆ ಕೇಳಿಸುವುದರಿಂದ ಈ ಮಾಪನವೂ ಅದನ್ನು ಕಡಿಮೆ ಎಣಿಸುತ್ತದೆ. 50 ಹರ್ಟ್ಸ್‌ನ ಸದ್ದನ್ನು ಅದು ಸುಮಾರು 30 ಡೆಸಿಬೆಲ್ ಇಳಿಸಿ ತೋರಿಸುತ್ತದೆ. ಬೇಸ್ ಬಾಕ್ಸುಗಳು ಗೋಡೆ ಅದುರಿಸುತ್ತಿದ್ದರೂ ಮಾಪಕದಲ್ಲಿ ಆ ಅದುರು ಪೂರ್ತಿ ಕಾಣದೆ ಇರುವುದು ಹೀಗೆ. ಮನೆಯಲ್ಲಿ ಮಲಗಿದ ಕಾಯಿಲೆಯವರಿಗೆ, ಮರುದಿನ ಪರೀಕ್ಷೆ ಇರುವ ಮಕ್ಕಳಿಗೆ ಮಾತ್ರ ಅದು ಪೂರ್ತಿಯಾಗಿ ತಟ್ಟುತ್ತದೆ.

ವೇದಿಕೆಯ ಮೇಲಿರುವವರ ಕಿವಿಯ ಕಥೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ವೇದಿಕೆಗಳಿಗೆ ಒಂದು ಮಾನದಂಡ ಹೊರಡಿಸಿ, 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದಿತು. ವಾರದಲ್ಲಿ ನಾಲ್ಕು ರಾತ್ರಿ ಬೇಸ್ ಬಾಕ್ಸಿನ ಪಕ್ಕ ನಿಲ್ಲುವ ನಮ್ಮ ಕಲಾವಿದರಲ್ಲಿ ಕಿವಿಗೆ ರಕ್ಷಣೆ ಹಾಕಿಕೊಳ್ಳುವವರು ವಿರಳ. ಹೋದ ಕಿವಿ ಹಿಂತಿರುಗುವುದಿಲ್ಲ.

ಕಲಾವಿದರು ನುಡಿಸುವ ಬೇಸಿಗೂ ಯಂತ್ರ ಊದಿಸುವ ಬೇಸಿಗೂ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ನುಡಿಸುವವರು ಹಾಡಿನ ಅಗತ್ಯ ನೋಡಿ ಏರಿಸುತ್ತಾರೆ, ಇಳಿಸುತ್ತಾರೆ, ಭಾವಗೀತೆ ಬಂದರೆ ಬಹುತೇಕ ಮೌನವಾಗುತ್ತಾರೆ. ಸದ್ದು ಸ್ಪಷ್ಟವಾಗಿದ್ದರೆ ಜೋರು ಬೇಕಾಗುವುದಿಲ್ಲ. ಸ್ವರ ಗುರುತಿಸಲಾಗದ ಗುಡುಗು ಮಾತ್ರ ತನ್ನ ಇರವನ್ನು ಸಾಬೀತು ಮಾಡಲು ಇನ್ನೂ ಎರಡು ಬಾಕ್ಸ್ ಕೇಳುತ್ತದೆ.

ಈ ನೆಲದ ಕಿವಿ

ಮಂದ್ರದ ರುಚಿ ನಮಗೆ ಹೊಸದಲ್ಲ. ನಮ್ಮ ಸೀಮೆಯ ದೇವರ ಮೆರವಣಿಗೆಗಳಲ್ಲಿ ಉರುಮೆ ಮೊಳಗುತ್ತದೆ. ಅದರ ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದು ಮುಖದ ಮೇಲೆ ಬಾಗಿದ ಕೋಲಿನ ಉಜ್ಜುವಿಕೆ. ಉಜ್ಜಿದಾಗ ಹೊರಡುವ ಗುಂಯ್ ಎಂಬ ದನಿ ಏರುತ್ತದೆ, ಇಳಿಯುತ್ತದೆ, ನರಳಿದಂತೆ ಎಳೆಯುತ್ತದೆ. ಬೇಸ್ ತಂತಿಯ ಮೇಲೆ ಬೆರಳು ಜಾರಿಸಿದಾಗ ಹುಟ್ಟುವ ದನಿಗೆ ಅದು ತೀರ ಹತ್ತಿರ. ಡೊಳ್ಳಿನವರು ಗುಂಪಿನಲ್ಲಿ ಕುಣಿಯುತ್ತ ಒಂದೇ ಪೆಟ್ಟಿನಲ್ಲಿ ನೆಲ ಅದುರಿಸುವಾಗ ಅದರ ಹಿಂದೆ ವರ್ಷಗಳ ಅಭ್ಯಾಸವಿದೆ, ಒಬ್ಬರನ್ನೊಬ್ಬರು ನೋಡಿಕೊಂಡು ಉಸಿರು ಹೊಂದಿಸಿಕೊಂಡ ಶಿಸ್ತಿದೆ. ಹೀಗೆ ನಮ್ಮ ಹಿರಿಯರು ಮಂದ್ರವನ್ನು ಎಂದೂ ಪೆಟ್ಟಿಗೆಯಲ್ಲಿ ತುಂಬಿ ತಂದವರಲ್ಲ, ಕೈಯಿಂದ ಹುಟ್ಟಿಸಿದವರು. ಉರುಮೆಯ ಎಳೆತ, ಡೊಳ್ಳಿನ ಗತ್ತು ಕೇಳಿ ಬೆಳೆದ ಹುಡುಗ ಹುಡುಗಿಯರ ಕೈಗೆ ಬೇಸ್ ಗಿಟಾರ್ ಕೊಟ್ಟರೆ ಅವರು ಬೇರೆಯವರ ನಕಲು ಮಾಡಬೇಕಿಲ್ಲ. ಅವರಿಗೆ ಹೇಳಲು ತಮ್ಮದೇ ಮಾತಿರುತ್ತದೆ.

ಸಣ್ಣ ಊರಿನಲ್ಲಿ ತರಬೇತಿಯಾದ ಕಲಾವಿದರು ಉಳಿಯುವುದಿಲ್ಲ ಎನ್ನುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೇ ಉತ್ತರ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅವರ ಆಸ್ಥೆಯಿಂದ 1997ರಲ್ಲಿ ಶುರುವಾದ ಶಿವಸಂಚಾರ ತಂಡ ಪ್ರತಿವರ್ಷ ಹೊಸ ನಾಟಕಗಳನ್ನು ಕಟ್ಟಿ ನಾಡೆಲ್ಲ ಸುತ್ತುತ್ತದೆ. ನಾಟಕೋತ್ಸವದ ದಿನಗಳಲ್ಲಿ ಸುತ್ತಲ ಹಳ್ಳಿಯವರು ಬಯಲು ರಂಗಮಂದಿರದಲ್ಲಿ ತುಂಬಿ ಕೂರುತ್ತಾರೆ. ಕಲಾವಿದರನ್ನು ಒಂದು ಕಡೆ ಇರಿಸಿ, ಅಭ್ಯಾಸ ಮಾಡಿಸಿ, ಸಂಬಳ ಕೊಟ್ಟು, ತಿರುಗಾಟಕ್ಕೆ ಕಳಿಸುವ ವ್ಯವಸ್ಥೆ ಒಂದು ಹಳ್ಳಿಯಿಂದ ಸಾಧ್ಯವಾಗಿದೆ. ನಾಟಕಕ್ಕೆ ಆದದ್ದು ಸಂಗೀತಕ್ಕೆ ಆಗಬಾರದೆಂದೇನಿಲ್ಲ.

ಏನು ಮಾಡಬಹುದು

ಮೊದಲ ಹೆಜ್ಜೆ ತಂಡದ ಮಾಲೀಕರದು. ಇಡೀ ರಾತ್ರಿಗೆ ಬೇಡ, ಐದು ಹಾಡಿಗೆ ಟ್ರ್ಯಾಕ್ ನಿಲ್ಲಿಸಿ ಪೂರ್ತಿ ಕೈವಾದ್ಯದಲ್ಲಿ ನುಡಿಸಲಿ, ಅದನ್ನು ನಿರೂಪಕರು ಹೇಳಿ ನುಡಿಸಲಿ. ಗಾಯಕರನ್ನು ಪರಿಚಯಿಸುವಂತೆ ಬೇಸ್ ನುಡಿಸುವವರ ಹೆಸರನ್ನೂ ಮೈಕಿನಲ್ಲಿ ಹೇಳಲಿ. ಸೌಂಡ್ ಸಿಸ್ಟಂನವರು ಬೇಸ್ ಗಿಟಾರನ್ನು ನೇರವಾಗಿ ಮಿಕ್ಸರಿಗೆ ಜೋಡಿಸುವ ಪ್ರತ್ಯೇಕ ಡಿಐ ಬಾಕ್ಸ್, ಪ್ರತ್ಯೇಕ ಚಾನಲ್ ಕೊಟ್ಟು, ನುಡಿಸುವವರಿಗೆ ತಮ್ಮ ಸ್ವರ ಕೇಳಿಸುವಂತೆ ಒಂದು ಮಾನಿಟರ್ ಇಡಲಿ. ಸಂಜೆ ಸೌಂಡ್ ಚೆಕ್‌ಗೆ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ, ರಾತ್ರಿಯಿಡೀ ಅದರ ಫಲ ಸಿಗುತ್ತದೆ.

ಕಾಲೇಜುಗಳು ಎರಡನೆಯ ಹೆಜ್ಜೆ ಇಡಬಹುದು. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಬರುತ್ತವೆ. ಯುವಜನೋತ್ಸವಕ್ಕೆ ತಂಡ ಕಟ್ಟುವಾಗ ಒಂದು ಬೇಸ್ ಗಿಟಾರ್ ಕೊಂಡು ಕಾಲೇಜಿನಲ್ಲೇ ಇಟ್ಟರೆ ಪ್ರತಿವರ್ಷ ಇಬ್ಬರು ಮೂವರ ಕೈಗೆ ಅದು ಹೋಗುತ್ತದೆ. ಆರಂಭಿಕ ಮಟ್ಟದ ವಾದ್ಯಕ್ಕೆ ಒಂದು ಸಾಧಾರಣ ಮೊಬೈಲಿಗಿಂತ ಹೆಚ್ಚು ಖರ್ಚಾಗುವುದಿಲ್ಲ. ತಂತಿಯ ಸೆಟ್ಟು ಗಿಟಾರಿನ ತಂತಿಗಿಂತ ದುಬಾರಿ, ಆದರೆ ಬಾಳಿಕೆಯೂ ಹೆಚ್ಚು. ವಾದ್ಯವಿಲ್ಲದ ಊರಿನಲ್ಲಿ ವಾದಕರು ಹುಟ್ಟುವುದಿಲ್ಲ. ಒಂದು ವಾದ್ಯ ಕಣ್ಣೆದುರಿಗೆ ಇದ್ದರೆ ಯಾರಾದರೂ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಹೆಣ್ಣುಮಕ್ಕಳನ್ನು ನಮ್ಮ ರಸಮಂಜರಿಗಳು ಗಾಯಕಿಯರನ್ನಾಗಿ ಮಾತ್ರ ಕಂಡಿವೆ. ಅವರ ಹೆಗಲಿಗೂ ಈ ವಾದ್ಯ ಏರಲಿ.

ಮೂರನೆಯ ಹೆಜ್ಜೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಪರಿಣಾಮಕಾರಿ. ಅದು ಹಬ್ಬದ ಸಮಿತಿಗಳ ಕೈಯಲ್ಲಿದೆ. ತಂಡಕ್ಕೆ ಅಡ್ವಾನ್ಸ್ ಕೊಡುವ ಹೊತ್ತಿಗೆ ಸಮಿತಿಯವರು ಎಷ್ಟು ಲೈಟು, ಎಷ್ಟು ಬಾಕ್ಸು, ಎಷ್ಟು ಗಾಯಕರು ಎಂದು ಕೇಳುತ್ತಾರೆ. ಅದರ ಜತೆಗೆ ಬೇಸ್ ಗಿಟಾರ್ ನುಡಿಸುವವರು ಇದ್ದಾರೆಯೇ ಎಂದೂ ಕೇಳಲಿ, ಇದ್ದರೆ ಮಾತ್ರ ಒಪ್ಪಲಿ. ಒಬ್ಬ ಕಲಾವಿದರ ರಾತ್ರಿಯ ಸಂಭಾವನೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲೇ ಇದೆ. ಈ ವರ್ಷ ಒಂದು ಜೋಡಿ ಬೇಸ್ ಬಾಕ್ಸ್ ಕಡಿಮೆ ತರಿಸಿ, ಆ ಬಾಡಿಗೆಯಲ್ಲಿ ಒಬ್ಬ ಬೇಸಿಸ್ಟರನ್ನು ಕರೆಸಿ. ಊರಿನ ನಿದ್ದೆ ಉಳಿಯುತ್ತದೆ, ಹಾಡು ಪೂರ್ತಿಯಾಗುತ್ತದೆ, ನಮ್ಮದೇ ಜಿಲ್ಲೆಯ ಒಂದು ಮನೆಗೆ ಹಬ್ಬದ ದುಡ್ಡು ಸೇರುತ್ತದೆ.